ಬೀಗದ ಕೈ ಹಿಡಿದು ಓದಿದವರು

ಶಾಲೆಯೊಂದರ ಐವತ್ತು ವರ್ಷಗಳ ಚರಿತ್ರೆ ಬರೆಯುವಾಗ ನಿವೇಶನ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ಮುಖ್ಯೋಪಾಧ್ಯಾಯರಾಗಿ ದುಡಿದವರು ಇವರ ಹೆಸರುಗಳು ಮೊದಲು ಬರುವುದು ಸಹಜ. ಈ ಸಂಚಿಕೆಯಲ್ಲೂ ಬಂದಿವೆ, ಬರಬೇಕಾದದ್ದೇ. ಆದರೆ ಮೊದಲ ಹದಿನೈದು ವರ್ಷ ನಮ್ಮ ಶಾಲೆ ನಡೆದದ್ದು ಇನ್ನೊಂದು ಬಗೆಯ ಕಟ್ಟಡಗಳ ಬಲದಿಂದಲೂ ಹೌದು. ಅವು ಮುಂಬಯಿಗೆ ಹೋದವರು ಬೀಗ ಹಾಕಿಟ್ಟ ಹೆಂಚಿನ ಮನೆಗಳು. ಘಟ್ಟದ ಬುಡದ ಊರುಗಳಿಂದ ಬಂದ ಹುಡುಗರು ಆ ಮನೆಗಳನ್ನು ಕಾಯುತ್ತಿದ್ದರು. ಬಾಡಿಗೆ ಕೊಡುತ್ತಿರಲಿಲ್ಲ, ಸಂಬಳ ಪಡೆಯುತ್ತಿರಲಿಲ್ಲ. ಈ ಏರ್ಪಾಡಿನ ಸುದ್ದಿ ದಾಖಲಾತಿ ಪುಸ್ತಕದಲ್ಲಿಲ್ಲ. ಅಲ್ಲಿ ನಮ್ಮ ಹೆಸರಿನ ಮುಂದೆ ಹೆತ್ತವರ ಊರು ಮಾತ್ರ ಇದೆ. ಹಾಗೆ ಓದಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಗೊತ್ತಿರುವಷ್ಟನ್ನು ಬರೆದಿಡುತ್ತೇನೆ.

ಮನೆ ಕಾಯಲು ಹುಡುಗರೇ ಯಾಕೆ ಬೇಕಾದರು ಎಂಬುದಕ್ಕೆ ಕಾರಣ ಒಂದಲ್ಲ, ನಾಲ್ಕು.

ಮೊದಲನೆಯದು ಮಳೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಘಟ್ಟದ ಕಡೆ ಹೋದಷ್ಟೂ ಇನ್ನೂ ಹೆಚ್ಚು. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಶಾಲೆ ಆರಂಭವಾಗುವ ತಿಂಗಳುಗಳಲ್ಲೇ. ನಮ್ಮ ಮನೆಯಿಂದ ಶಾಲೆಗೆ ಎರಡು ಹೊಳೆ, ಮೂರು ತೋಡು ದಾಟಬೇಕಿತ್ತು. ಅಡಿಕೆ ಮರದ ಕಾಲುಸಂಕ ಆಷಾಢದ ಮಳೆಗೆ ತೇಲಿ ಹೋದರೆ ಮತ್ತೆ ಹಾಕುವುದು ನವರಾತ್ರಿ ಕಳೆದ ಮೇಲೆ. ಐದನೆಯ, ಏಳನೆಯ ತರಗತಿಯವರೆಗೆ ಊರಲ್ಲೇ ಶಾಲೆ ಇತ್ತು. ಹೈಸ್ಕೂಲು ಬೇಕೆಂದರೆ ಹೊಳೆಯ ಈಚೆ ಮಲಗಲು ಒಂದು ಜಾಗ ಬೇಕಿತ್ತು.

ಎರಡನೆಯದು ಮುಂಬಯಿ. ದಕ್ಷಿಣ ಕನ್ನಡದ ಜನ ಹೋಟೆಲು ಕೆಲಸಕ್ಕೆ ಅಲ್ಲಿಗೆ ಹೋಗಲು ಶುರುಮಾಡಿದ್ದು ಸ್ವಾತಂತ್ರ್ಯಕ್ಕಿಂತ ಎಷ್ಟೋ ಮೊದಲು. ಮೊದಮೊದಲು ಗಂಡಸರು ಹೋದರು, ಹೆಂಗಸರು ಮನೆ ನೋಡಿಕೊಂಡರು. ಆಮೇಲೆ ಹೆಂಡತಿ ಮಕ್ಕಳೂ ಹೋದರು. ವಯಸ್ಸಾದ ತಾಯಿ ತೀರಿಕೊಂಡ ವರ್ಷ ಮನೆಗೆ ಬೀಗ ಬಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಆರಂಭಿಸಿದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಒಂದು ದಿನಕ್ಕೂ ಮೀರಿದ ಪ್ರಯಾಣ. ಹಾಗಾಗಿ ಧಣಿಗಳು ಊರಿಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮನೆಯ ದೈವದ ಕೋಲಕ್ಕೆ.

ಮೂರನೆಯದು ಮನೆಯೇ. ಮಂಗಳೂರು ಹೆಂಚಿನ ಮನೆ ಎಂದರೆ ಗಟ್ಟಿ ಎಂದು ಎಲ್ಲರೂ ತಿಳಿದಿದ್ದಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡು ಹೋಗಿ ಹೆಂಚು ಬಂದದ್ದೂ ನಿಜ. ಆದರೆ ಹೆಂಚಿನ ಮನೆ ಜನ ಇದ್ದರೆ ಮಾತ್ರ ಗಟ್ಟಿ. ಮಂಗ ಹಾರಿ ಒಂದು ಹೆಂಚು ಸರಿದರೆ ನೀರು ಪಕಾಸಿಗೆ ಇಳಿಯುತ್ತದೆ. ಎರಡು ಮಳೆಗಾಲ ಯಾರೂ ನೋಡದಿದ್ದರೆ ಪಕಾಸು ಕೊಳೆಯುತ್ತದೆ, ಮೂರನೆಯದರಲ್ಲಿ ಮಣ್ಣಿನ ಗೋಡೆ ಕೂರುತ್ತದೆ. ಒಲೆಯ ಹೊಗೆ ಅಟ್ಟಕ್ಕೆ ಏರುತ್ತಿದ್ದರೆ ಮರಕ್ಕೆ ಹುಳ ಹಿಡಿಯುವುದು ಕಡಿಮೆ; ಒಲೆ ಆರಿದ ಮನೆಯಲ್ಲಿ ಒರಲೆ ಬಾಗಿಲ ದಾರಂದದಿಂದಲೇ ಶುರುಮಾಡುತ್ತದೆ. ಸಂಜೆ ದೀಪ ಇಡದ ಮನೆ ಮನೆಯಲ್ಲ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಅದರಲ್ಲಿ ಭಕ್ತಿ ಎಷ್ಟಿತ್ತೋ ಮರಗೆಲಸದ ಜ್ಞಾನವೂ ಅಷ್ಟೇ ಇತ್ತು.

ಹಾಗಾದರೆ ದೊಡ್ಡವರನ್ನೇ, ಒಂದು ಸಂಸಾರವನ್ನೇ ಇಡಬಹುದಿತ್ತಲ್ಲ ಎಂದು ಈಗಿನವರು ಕೇಳಬಹುದು. ನಾಲ್ಕನೆಯ ಕಾರಣ ಅದಕ್ಕೆ ಉತ್ತರ.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ದೇವರಾಜ ಅರಸರ ಸರಕಾರ. ಗೇಣಿಗೆ ಇದ್ದ ಭೂಮಿಯೆಲ್ಲ ಅಂದಿನಿಂದ ಸರಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ತೋರಿಸಿದರೆ ಭೂಮಿ ಅವನ ಹೆಸರಿಗೆ. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಮೂಲಗೇಣಿ, ಚಾಲಗೇಣಿ ಎಂದು ಊರಿಗೆ ಊರೇ ಗೇಣಿಯಲ್ಲಿದ್ದ ಜಿಲ್ಲೆ ನಮ್ಮದು. ಅರ್ಜಿ ಕೊಡುವ ಅವಧಿ ಮುಂದೆ ಹೋಗುತ್ತಾ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಇನ್ನೊಂದು ವಿಧಿಯೂ ಇತ್ತು. ಬೇರೆಯವರ ಜಾಗದ ಮನೆಯಲ್ಲಿ ವಾಸವಿರುವ ಕೃಷಿ ಕೂಲಿಕಾರನಿಗೆ ಆ ಮನೆ ಮತ್ತು ಅಡಿಸ್ಥಳದ ಹಕ್ಕು ಬರುವಂತೆ ಕಾಯಿದೆ ಮಾಡಿದ್ದರು. ತಲೆಮಾರುಗಳಿಂದ ಧಣಿಗಳ ಮಾತಿಗೆ ಗುಡಿಸಲು ಕಟ್ಟಿ, ಅವರ ಮಾತಿಗೆ ಕಿತ್ತು ಹೋದವರಿಗೆ ಅದು ಎಷ್ಟು ದೊಡ್ಡ ಸಂಗತಿ ಎಂದು ಬೇರೆ ಹೇಳಬೇಕಿಲ್ಲ.

ಮುಂಬಯಿಯಲ್ಲಿದ್ದವರಿಗೆ ಮಾತ್ರ ಈ ಸುದ್ದಿ ಹೆದರಿಕೆಯಾಗಿ ತಲುಪಿತು. ಖಾಲಿ ಮನೆಯಲ್ಲಿ ಒಂದು ಸಂಸಾರ ಕೂರಿಸಿದರೆ ನಾಳೆ ಅವರು ಡಿಕ್ಲರೇಶನ್ ಕೊಟ್ಟಾರು ಎಂಬ ಶಂಕೆ. ಯಾವ ಮನೆಗೆ ಕಾಯಿದೆ ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಎಂದು ವಿಚಾರಿಸುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಮನೆಯೊಳಗೆ ಜನ ಇರಲೇಬೇಕು, ಆದರೆ ಹಕ್ಕು ಕೇಳುವ ಜನ ಇರಕೂಡದು. ಇದಕ್ಕೆ ಸರಿಹೊಂದುವವನು ಹೈಸ್ಕೂಲು ಹುಡುಗ. ಅವನು ಒಕ್ಕಲಲ್ಲ, ಕೂಲಿಯಾಳಲ್ಲ, ಇನ್ನೂ ಪ್ರಾಯಕ್ಕೆ ಬಂದವನೂ ಅಲ್ಲ. ಮೂರು ವರ್ಷಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿ ತಾನಾಗಿ ಹೋಗುತ್ತಾನೆ. ಶಾಲೆಯ ಮಾಸ್ತರರು ಅವನಿಗೆ ಜಾಮೀನು. ನಮಗೆ ಬಿಟ್ಟಿ ಸೂರು ಸಿಕ್ಕಿದ್ದರ ಹಿಂದೆ ಧಣಿಗಳ ದೊಡ್ಡಮನಸ್ಸು ಇರಲಿಲ್ಲವೆಂದಲ್ಲ. ಅದರ ಜತೆಗೆ ಈ ಲೆಕ್ಕಾಚಾರವೂ ಇತ್ತು.

ನನ್ನ ಸಂಗತಿ ಇಷ್ಟು. 1976ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದೆ. ನಮ್ಮದು ಚಾಲಗೇಣಿಯ ಒಕ್ಕಲು. ಎರಡು ಎಕ್ರೆ ಗದ್ದೆಗೆ ಅಪ್ಪ ಡಿಕ್ಲರೇಶನ್ ಕೊಟ್ಟಿದ್ದರು, ತೀರ್ಮಾನ ಆಗಿರಲಿಲ್ಲ. ಶಾಲೆಯ ಹತ್ತಿರದ ಒಂದು ಮನೆ ಖಾಲಿ ಇದೆಯೆಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ನಮ್ಮ ಗದ್ದೆಯ ಧಣಿಗಳಿಗೂ ಆ ಮನೆಯವರಿಗೂ ಸಂಬಂಧವಿರಲಿಲ್ಲ. ಆದರೂ ಮನೆಯವರ ಪರವಾಗಿ ವ್ಯವಹಾರ ನೋಡುತ್ತಿದ್ದವರು ಒಂದು ಮುಚ್ಚಳಿಕೆ ಬರೆಸಿ ತಂದರು. ಹುಡುಗನಿಗಾಗಲಿ ಅವನ ಮನೆಯವರಿಗಾಗಲಿ ಮನೆ, ಹಿತ್ತಿಲು, ತೋಟದ ಮೇಲೆ ಯಾವ ಗೇಣಿ ಹಕ್ಕೂ ಇಲ್ಲ ಎಂದು ಅಪ್ಪ ಹೆಬ್ಬೆಟ್ಟು ಒತ್ತಬೇಕು.

ಅಪ್ಪ ಒತ್ತಲಿಲ್ಲ. “ನನ್ನ ಅಪ್ಪ ಒತ್ತಿದ್ದರು, ಅವರ ಅಪ್ಪ ಒತ್ತಿದ್ದರು. ಅದರಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ನನ್ನ ಅರ್ಜಿ ಕಛೇರಿಯಲ್ಲಿ ಇರುವಾಗ ಗೇಣಿ ಇಲ್ಲ ಅಂತ ಬರೆದ ಕಾಗದಕ್ಕೆ ನಾನು ಬೆರಳು ಮುಟ್ಟಿಸುವುದಿಲ್ಲ” ಎಂದರು. ತಂದವರಿಗೂ ಕಾಗದವಿಲ್ಲದೆ ಬೀಗದ ಕೈ ಕೊಡುವ ಅಧಿಕಾರವಿರಲಿಲ್ಲ. ಹತ್ತು ದಿನ ನಾನು ಶಾಲೆಗೆ ಹೋಗಲಿಲ್ಲ. ಅಪ್ಪನಿಗೆ ಮಗನ ಓದು ಬೇಡವಾಗಿತ್ತೆಂದಲ್ಲ. ಒಂದು ಕಡೆ ಮೂರು ತಲೆಮಾರು ದುಡಿದ ಗದ್ದೆ, ಇನ್ನೊಂದು ಕಡೆ ನಮ್ಮ ಕುಟುಂಬದಲ್ಲಿ ಮೊದಲ ಸಲ ಹೈಸ್ಕೂಲು ಮೆಟ್ಟಲು ಹತ್ತುವ ಹುಡುಗ.

ದಾರಿ ತೋರಿಸಿದವರು ಹೆಡ್‌ಮಾಸ್ಟರು. ಮುಚ್ಚಳಿಕೆಯನ್ನು ಪಕ್ಕಕ್ಕಿಟ್ಟು ಶಾಲೆಯ ಕಡೆಯಿಂದಲೇ ಒಂದು ಪತ್ರ ಬರೆದರು. ಈ ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಮನೆಯವರ ಅನುಮತಿಯಿಂದ ಅಲ್ಲಿ ಇರುತ್ತಾನೆ, ಬಾಡಿಗೆ ಇಲ್ಲ, ಕೂಲಿ ಇಲ್ಲ, ಕೇಳಿದಾಗ ಬೀಗದ ಕೈ ಶಾಲೆಗೆ ಒಪ್ಪಿಸುತ್ತಾನೆ. ಕೆಳಗೆ ಅವರದೂ ಮನೆಯವರ ಕಡೆಯವರದೂ ರುಜು. ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: “ಇದರಲ್ಲಿ ನನ್ನ ಗದ್ದೆಯ ಸುದ್ದಿ ಉಂಟಾ ಮಾಸ್ಟ್ರೇ?” ಇಲ್ಲ ಎಂದರು. ಮರುದಿನ ನಾನು ಚಾಪೆ, ಒಂದು ಪಾತ್ರೆ, ಆರು ಸೇರು ಕುಚ್ಚಲಕ್ಕಿ ಹೊತ್ತು ಹೋದೆ.

ಆ ಪತ್ರ ಕಾನೂನಿಗೂ ಎಷ್ಟು ಸರಿಯಾಗಿತ್ತೆಂದು ನನಗೆ ತಿಳಿದದ್ದು ವಕೀಲರ ಕಛೇರಿಯಲ್ಲಿ ಗುಮಾಸ್ತನಾದ ಮೇಲೆ. 1882ರ ಈಸ್‌ಮೆಂಟ್ ಕಾಯಿದೆ ಇಂಥ ಅನುಮತಿಯನ್ನು ಗೇಣಿಯಿಂದ ಬೇರೆಯಾಗಿಯೇ ಇಟ್ಟಿದೆ. ಅನುಮತಿ ಪಡೆದು ಇರುವವನಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಹನ್ನೆರಡು ವರ್ಷ ಕೂತರೆ ಮನೆ ಅವನದೇ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಆ ಹನ್ನೆರಡು ವರ್ಷದ ಲೆಕ್ಕ ಒಡೆಯನ ಹಕ್ಕಿಗೆ ಎದುರಾಗಿ ಕೂತವನಿಗೆ, ಒಡೆಯ ಒಪ್ಪಿ ಇರಿಸಿದವನಿಗಲ್ಲ. 2012ರಲ್ಲಿ ಗೋವಾದ ಒಂದು ಮನೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟವಾಗಿ ಹೇಳಿತು. ಮನೆ ನೋಡಿಕೊಳ್ಳಲು ಇದ್ದವನು ಎಷ್ಟು ಕಾಲ ಇದ್ದರೂ ಅದರಿಂದ ಮನೆಯ ಹಕ್ಕು ಬರುವುದಿಲ್ಲ. ಅಲ್ಲಿ ಜಗಳ ನಡೆದದ್ದು ಅಕ್ಕತಂಗಿ ಅಣ್ಣತಮ್ಮಂದಿರ ಒಳಗೇ. ನಮ್ಮ ಹೆಡ್‌ಮಾಸ್ಟರು ಕಾನೂನು ಓದಿದವರಲ್ಲ. ಇಬ್ಬರ ಹೆದರಿಕೆಯನ್ನೂ ತಿಳಿದು ಬರೆದರು, ಅಷ್ಟೇ.

ಕೆಲಸ ಹೀಗಿತ್ತು. ಬೆಳಿಗ್ಗೆ ಅಂಗಳ ಗುಡಿಸುವುದು. ಬಚ್ಚಲ ಕಡೆಯ ಒಲೆಯಲ್ಲಿ ಬೆಂಕಿ ಮಾಡಿ ಗಂಜಿ ಬೇಯಿಸುವುದು, ವಾರಕ್ಕೊಮ್ಮೆ ಒಳ ಅಡುಗೆಮನೆಯಲ್ಲಿ ಹೊಗೆ ಹಾಕುವುದು. ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟುವುದು. ಜೋರು ಮಳೆಯ ರಾತ್ರಿ ಚಿಮಿಣಿ ದೀಪ ಹಿಡಿದು ಅಟ್ಟ ಹತ್ತಿ, ಸೋರುವ ಕಡೆ ಪಾತ್ರೆ ಇಟ್ಟು, ಬೆಳಗಾದ ಮೇಲೆ ಕೋಲಿನಿಂದ ಹೆಂಚು ಸರಿಪಡಿಸುವುದು. ಬಿದ್ದ ತೆಂಗಿನಕಾಯಿ ಎಣಿಸಿ ರಾಶಿ ಹಾಕುವುದು. ಸಂಜೆ ತುಳಸಿಕಟ್ಟೆಗೂ ದೈವದ ಕೋಣೆಯ ಹೊರಗೂ ದೀಪ. ತಿಂಗಳಿಗೊಮ್ಮೆ ಮುಂಬಯಿಗೆ ಒಂದು ಇನ್‌ಲ್ಯಾಂಡ್ ಲೆಟರ್: ಒಡೆದ ಹೆಂಚು ಎಷ್ಟು, ಕಾಯಿ ಎಷ್ಟು, ಬಾವಿಯ ನೀರು ಎಲ್ಲಿವರೆಗೆ ಇದೆ. ನಾನು ಕನ್ನಡದಲ್ಲಿ ನಾಲ್ಕು ಸಾಲು ಸರಿಯಾಗಿ ಬರೆಯಲು ಕಲಿತದ್ದು ಆ ನೀಲಿ ಕಾಗದದ ಮೇಲೆ. ಜಾಗ ಕಡಿಮೆ, ಸುಳ್ಳಿಗೆ ಆಸ್ಪದವಿಲ್ಲ.

ಹಿಂದೆ ಪೇಟೆಗಳಲ್ಲಿ ವಾರಾನ್ನದ ಪದ್ಧತಿ ಇತ್ತು. ಏಳು ದಿನ ಏಳು ಮನೆಯ ಊಟ. ನಮ್ಮದು ಅದರ ತಿರುವು. ಅನ್ನ ನಮ್ಮದೇ, ಸೂರು ಬೇರೆಯವರದು. ಆದರೆ ಎರಡರಲ್ಲೂ ಜಾತಿಯ ಗೆರೆ ಒಂದೇ. ನನಗೆ ಚಾವಡಿ, ಜಗಲಿ, ಬಚ್ಚಲ ಕಡೆಯ ಒಲೆ. ಒಳ ಅಡುಗೆಮನೆಯಲ್ಲಿ ಹೊಗೆ ಹಾಕಬಹುದು, ಅನ್ನ ಬೇಯಿಸುವಂತಿರಲಿಲ್ಲ. ದಲಿತ ಹುಡುಗರಿಗಂತೂ ಯಾವ ಮನೆಯ ಬೀಗದ ಕೈಯೂ ಸಿಗಲಿಲ್ಲ. ನನ್ನ ತರಗತಿಯಲ್ಲಿ ಇಬ್ಬರಿದ್ದರು. ಒಬ್ಬ ಮೂರು ವರ್ಷವೂ ನಡೆದೇ ಬಂದ, ಇನ್ನೊಬ್ಬ ಮೊದಲ ಆಷಾಢದಲ್ಲೇ ಬಿಟ್ಟ. ಹುಡುಗಿಯರನ್ನು ಒಂಟಿ ಮನೆಯಲ್ಲಿ ಬಿಡುವ ಮಾತೇ ಇರಲಿಲ್ಲ. ಹೊಳೆಯಾಚೆಯಿಂದ ನನ್ನೊಡನೆ ಏಳನೆಯ ತರಗತಿ ಪಾಸಾದ ಹುಡುಗಿಯರಲ್ಲಿ ಹೈಸ್ಕೂಲಿಗೆ ಬಂದದ್ದು ಒಬ್ಬಳು, ಅದೂ ಅವಳ ಸೋದರಮಾವನ ಮನೆ ಇಲ್ಲಿದ್ದ ಕಾರಣ. ಬೀಗ ಹಾಕಿದ ಮನೆಗಳ ಉಪಕಾರವನ್ನು ನೆನೆಯುವಾಗ ಅದು ಯಾರಿಗೆ ಸಿಗಲಿಲ್ಲ ಎಂಬುದನ್ನೂ ಬರೆಯದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಆ ಅರ್ಧವನ್ನು ತುಂಬಿದ್ದು ಸರಕಾರದ ವಿದ್ಯಾರ್ಥಿನಿಲಯಗಳು. ಅಲ್ಲಿ ಸೂರು ಸಿಕ್ಕಿದ್ದು ಯಾರದೋ ಒಪ್ಪಿಗೆಯಿಂದಲ್ಲ, ಹಕ್ಕಿನಿಂದ.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1979ರಲ್ಲಿ. ಗದ್ದೆ ಅಪ್ಪನ ಹೆಸರಿಗೆ ಆದದ್ದೂ ಅದೇ ವರ್ಷ. ಬೀಗದ ಕೈಯನ್ನು ಶಾಲೆಯ ಆಫೀಸಿನಲ್ಲಿ ಒಪ್ಪಿಸಿದೆ. ಜೂನ್‌ನಲ್ಲಿ ಅದು ಇನ್ನೊಬ್ಬನ ಕೈಗೆ ಹೋಯಿತು. ಆ ಮನೆಯಲ್ಲಿ ನನ್ನ ನಂತರ ನಾಲ್ವರು ಓದಿದ್ದಾರೆ. ಇಬ್ಬರು ಉಪಾಧ್ಯಾಯರಾದರು.

ಮುಂದೆ ಹೊಳೆಗೆ ಸೇತುವೆ ಬಂತು, ಬಸ್ಸು ಬಂತು, ರಿಯಾಯಿತಿ ಪಾಸು ಬಂತು. 2006ರಿಂದೀಚೆ ಎಂಟನೆಯ ತರಗತಿಯವರಿಗೆ ಸೈಕಲ್ ಸಿಕ್ಕಿತು. ಮನೆ ಕಾಯುವ ಹುಡುಗರು ಬೇಡವಾದರು, ಒಳ್ಳೆಯದೇ ಆಯಿತು. ಮನೆಗಳು ಮಾತ್ರ ಉಳಿಯಲಿಲ್ಲ. ಕೆಲವು ಕುಸಿದವು, ಕೆಲವನ್ನು ಬಿಚ್ಚಿ ಕಂಬ, ಬಾಗಿಲು ಮಾರಿದರು. ಅಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಕೆಲಸವನ್ನು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ನೋಡಬಹುದು. ವಿಜಯನಾಥ ಶೆಣೈಯವರು ಅದಕ್ಕಾಗಿ ಬಹುಕಾಲ ಶ್ರಮಿಸಿದರು. ಆದರೆ ಎಲ್ಲ ಮನೆಗಳಿಗೂ ಆ ಭಾಗ್ಯ ಬರುವುದಿಲ್ಲ.

ನಮ್ಮ ಗ್ರಾಮದಲ್ಲಿ ಹೀಗೆ ವಿದ್ಯಾರ್ಥಿಗಳಿದ್ದ ಮನೆಗಳನ್ನು ನಾನು ಲೆಕ್ಕ ಹಾಕಿದರೆ ಒಂಬತ್ತು ಸಿಗುತ್ತವೆ. ಇಂದು ನಿಂತಿರುವುದು ಮೂರು. ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನೀವು ಯಾವ ಮನೆಯಲ್ಲಿದ್ದಿರಿ, ಯಾವ ವರ್ಷ, ನಿಮ್ಮ ಮುಂಚೆ ಯಾರು, ಆಮೇಲೆ ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳಿಸಿ. ಹೊಳೆಯಾಚೆಯಿಂದ ಬರಲಾಗದೆ ಬಿಟ್ಟವರ ಹೆಸರು ನೆನಪಿದ್ದರೆ ಅದನ್ನೂ ಬರೆಯಿರಿ. ದಾಖಲಾತಿ ಪುಸ್ತಕದ ಪಕ್ಕದಲ್ಲಿ ಆ ಹಾಳೆಗಳಿಗೂ ಒಂದು ಫೈಲು ಇರಲಿ.