ನೋವಿನಲ್ಲಿ ದೇವರ ಉದ್ದೇಶ ಹುಡುಕೋ ಮುಂಚೆ

2010ರ ಜುಲೈ. ಸವಣೂರು ಪುರಸಭೆ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ದಶಕಗಳಿಂದ ವಾಸವಿದ್ದ ಜಾಗ ಖಾಲಿ ಮಾಡಿ ಅಂತ ಅವರಿಗೆ ಹೇಳಲಾಗಿತ್ತು. ತಲೆ ಮೇಲೆ ಮಲ ಹೊರೋದನ್ನು ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ನಿಷೇಧಿಸಿದ್ದರು. ಕೇಂದ್ರದ ಕಾಯ್ದೆ 1993ರಲ್ಲಿ ಬಂತು. ಆದರೂ ಊರು ಸ್ವಚ್ಛ ಮಾಡಿದವರ ಮಾತು ರಾಜ್ಯದ ಕಿವಿಗೆ ಬೀಳೋಕೆ ಇಷ್ಟು ಬೇಕಾಯಿತು.

ಇದನ್ನ ಯಾಕೆ ನೆನಪಿಸ್ತಿದ್ದೀನಿ ಅಂದ್ರೆ, ನಮ್ಮ ಕೇರಿಗಳಲ್ಲಿ ಚರ್ಚಿಗೆ ಹೋಗೋ ಬಂಧುಗಳಿದ್ದಾರೆ. ಮಗು ಕಣ್ಣು ಕಾಣದೆ ಹುಟ್ಟಿದ್ರೆ, ಗುಂಡಿಗೆ ಇಳಿದವನು ಹಾಸಿಗೆ ಹಿಡಿದ್ರೆ, ಇದರಲ್ಲೂ ದೇವರ ಉದ್ದೇಶ ಇದೆ ಅಂತಾರೆ. ಹಿಂದಿನ ಜನ್ಮದ ಕರ್ಮ ಅನ್ನಿಸಿಕೊಂಡು ಸಾಕಾದವರಿಗೆ ಆ ಮಾತು ಎಷ್ಟು ಸಮಾಧಾನ ಕೊಡುತ್ತೆ ಅಂತ ನನಗೆ ಗೊತ್ತು. ಆದರೆ ಆ ಮಾತಿನ ಇತಿಹಾಸವನ್ನೂ ನೋಡಬೇಕು.

ಅದರ ಮೂಲ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ. ಹುಟ್ಟಿನಿಂದ ಕಣ್ಣು ಕಾಣದೆ ಭಿಕ್ಷೆ ಬೇಡುತ್ತಿದ್ದವನನ್ನು ನೋಡಿ ಶಿಷ್ಯರು ಕೇಳ್ತಾರೆ: ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ? ನಮ್ಮಲ್ಲಿ ಕೇಳೋ ಪ್ರಶ್ನೆಯೇ ಇದು. ಯೇಸು ಎರಡನ್ನೂ ತಳ್ಳಿಹಾಕ್ತಾನೆ. ಆಮೇಲೆ ದೇವರ ಕೆಲಸ ಇವನಲ್ಲಿ ಕಾಣಬೇಕು ಅನ್ನೋ ಅರ್ಥದ ಮಾತು ಬರುತ್ತೆ. ಇದನ್ನ ಹಿಡಿದು, ತನ್ನ ಮಹಿಮೆ ತೋರಿಸೋಕೆ ದೇವರೇ ಅವನ ಕಣ್ಣು ಕಿತ್ತುಕೊಂಡ ಅಂತ ಬೋಧಿಸಿದವರು ಬಹಳ. ಆದರೆ ಹಳೆಯ ಗ್ರೀಕ್ ಪ್ರತಿಗಳಲ್ಲಿ ಪೂರ್ಣವಿರಾಮಗಳೇ ಇರಲಿಲ್ಲ. ಆ ಮಾತನ್ನು ಮುಂದಿನ ವಾಕ್ಯಕ್ಕೆ ಸೇರಿಸಿ ಓದೋ ವಿದ್ವಾಂಸರಿದ್ದಾರೆ. ಹಾಗೆ ಓದಿದ್ರೆ ದೇವರ ಕೆಲಸ ಅಂದ್ರೆ ನೋವು ಕೊಡೋದಲ್ಲ, ಈಗ ನಾವು ಮಾಡಬೇಕಾದ್ದು.

ಬಾಬಾಸಾಹೇಬರು ಈ ಅಪಾಯವನ್ನು ಗುರುತಿಸಿದ್ದರು. ಮತಾಂತರಗೊಂಡವರ ಸ್ಥಿತಿ ಬಗ್ಗೆ ಬರೆದ ಪ್ರಬಂಧದಲ್ಲಿ ಅವರ ತಕರಾರು ಇದೇ: ಮನುಷ್ಯನ ಕಷ್ಟಕ್ಕೆ ಅವನ ಪಾಪವೇ ಕಾರಣ ಅಂತ ಬೋಧಿಸಿದರೆ, ಸಮಾಜ ತಪ್ಪಿಸಿಕೊಳ್ಳುತ್ತೆ. ಇತ್ತ ಗಾಂಧಿ 1936ರಲ್ಲಿ 'ಹರಿಜನ್' ಪತ್ರಿಕೆಯಲ್ಲಿ 'ಆದರ್ಶ ಭಂಗಿ' ಬಗ್ಗೆ ಬರೆದು ಆ ಕೆಲಸಕ್ಕೆ ಪಾವಿತ್ರ್ಯ ತೊಡಿಸಿದರು. ಒಂದು ಕಡೆ ಪಾಪ, ಇನ್ನೊಂದು ಕಡೆ ಸೇವೆ. ಬಕೆಟ್ ಮಾತ್ರ ಕೈ ಬದಲಾಯಿಸಲಿಲ್ಲ.

ಕ್ರೈಸ್ತರೊಳಗಿಂದಲೇ ಉತ್ತರಗಳು ಬಂದವು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಶುರುವಾಯಿತು ಅಂತಾರೆ. ಮುಂದೆ ಅವರು ಯೇಸುವನ್ನೇ ದಲಿತನಾಗಿ ಕಂಡರು. ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್ ಅಂಗವೈಕಲ್ಯದೊಂದಿಗೇ ಬೆಳೆದವರು. 1994ರ 'ದ ಡಿಸೇಬಲ್ಡ್ ಗಾಡ್' ಪುಸ್ತಕದಲ್ಲಿ ಅವರು ತೋರಿಸಿದ್ದು, ಪುನರುತ್ಥಾನದ ನಂತರವೂ ಯೇಸುವಿನ ಕೈಕಾಲಿನ ಗಾಯಗಳು ಉಳಿದಿದ್ದವು ಅನ್ನೋದನ್ನು. ಅಂದ್ರೆ ಊನವಾದ ದೇಹ ದೇವರಿಗೆ ಹೊರಗಿನದಲ್ಲ.

ಇಲ್ಲಿ ಒಂದು ವ್ಯತ್ಯಾಸ ಮರೀಬಾರದು. ಕಣ್ಣು ಕಾಣದಿರೋದು ದೇಹದ ಒಂದು ಸ್ಥಿತಿ. ಅವನನ್ನು ದಾರಿಬದಿ ಭಿಕ್ಷೆಗೆ ಕೂರಿಸಿದ್ದು ಸಮಾಜ. ಮಲದ ಗುಂಡಿಯಂತೂ ಪೂರ್ತಿ ಜಾತಿ ಕಟ್ಟಿದ್ದು. ಅದಕ್ಕೆ ದೇವರ ಸಹಿ ಹಾಕಿಸೋದು ಬೇಡ.

ಆ ಅಧ್ಯಾಯವನ್ನು ಕೊನೆವರೆಗೂ ಓದಿ. ಯೇಸು ಉಗುಳಿನಲ್ಲಿ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳ್ಕೋ ಅಂತ ಕಳಿಸ್ತಾನೆ. ದೃಷ್ಟಿ ಬಂದಮೇಲೆ ಧರ್ಮದ ಮುಖಂಡರು ವಿಚಾರಣೆ ಮಾಡ್ತಾರೆ. ಹೆದರಿದ ತಂದೆತಾಯಿ ಅವನನ್ನೇ ಕೇಳಿ ಅಂತ ಜಾರಿಕೊಳ್ತಾರೆ. ಅವನು ಮಾತ್ರ ತನ್ನ ಮಾತು ಬಿಡಲ್ಲ. ಕೊನೆಗೆ ಪಾಪದಲ್ಲಿ ಹುಟ್ಟಿದವನು ನೀನು ಅಂತ ಬೈದು ಹೊರಹಾಕ್ತಾರೆ. ಆಗ ಯೇಸುವೇ ಅವನನ್ನು ಹುಡುಕಿಕೊಂಡು ಬರ್ತಾನೆ. ನನಗೆ ಈ ಕಥೆಯಲ್ಲಿ ಮುಖ್ಯ ಅನಿಸೋದು ದೃಷ್ಟಿಗಿಂತ ಅವನ ಬಾಯಿ. ಸವಣೂರಿನವರದೂ ಅಂಥದೇ ಸಾಕ್ಷಿ.

ಅದಕ್ಕೇ ಚರ್ಚಿನ ಬಂಧುಗಳಿಗೆ ನನ್ನ ಎರಡೇ ಪ್ರಶ್ನೆ: ನಿಮ್ಮ ಚರ್ಚಿನ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತೋ ದಾರಿ ಇದೆಯಾ? ನಿಮ್ಮ ಶೌಚಗುಂಡಿಯನ್ನ ಯಾರ ಕೈಲಿ ಖಾಲಿ ಮಾಡಿಸ್ತೀರಿ?

ಜೈ ಭೀಮ್.