ಐಮೌತ್: ಬಂದರಿಗಾಗಿ ಕಾದ ಊರು

ಸ್ಕಾಟ್ಲೆಂಡಿನ ಆಗ್ನೇಯ ಕರಾವಳಿಯಲ್ಲಿ, ಇಂಗ್ಲೆಂಡ್ ಗಡಿಗೆ ಹತ್ತಿರ, ಐಮೌತ್ ಎಂಬ ಮೀನುಗಾರರ ಊರಿದೆ. ಐ ಎಂಬ ಸಣ್ಣ ಹೊಳೆ ಸಮುದ್ರ ಸೇರುವ ಅಳಿವೆಯೇ ಅದರ ಬಂದರು. 1881ರಲ್ಲಿ ಈ ಊರು ಒಂದೇ ದಿನ 129 ಗಂಡಸರನ್ನು ಕಳೆದುಕೊಂಡಿತು. ಅದಕ್ಕೆ ಬಿರುಗಾಳಿಯೇ ಕಾರಣ ಎಂದು ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತೆ. ಉಳಿದರ್ಧವನ್ನು ನಾವು ದುಡ್ಡಿನ ಲೆಕ್ಕದಲ್ಲಿ ಹುಡುಕಬೇಕು.

18ನೇ ಶತಮಾನದಲ್ಲಿ ಐಮೌತ್ ಸುಂಕ ತಪ್ಪಿಸಿ ಚಹಾ, ಮದ್ಯ ಸಾಗಿಸುವ ಕಳ್ಳಸಾಗಣೆಗೆ ಹೆಸರಾಗಿತ್ತು. ಆಮೇಲೆ ಊರನ್ನು ಸಾಕಿದ್ದು ಮೀನು. ಗಂಡಸರು ಕಡಲಿಗೆ ಹೋದರೆ, ಹೆಂಗಸರು ಚಿಪ್ಪು ಒಡೆದು, ಒಳಗಿನ ಮಾಂಸವನ್ನು ನೂರಾರು ಗಾಳಗಳಿಗೆ ಎರೆಯಾಗಿ ಸಿಕ್ಕಿಸುತ್ತಿದ್ದರು. ಮನೆಮಂದಿಯೆಲ್ಲ ದುಡಿದರೇನೇ ದೋಣಿ ಹೊರಡುತ್ತಿತ್ತು.

ಆ ದುಡಿಮೆಯ ಮೇಲೆ ಚರ್ಚಿನ ಪಾದ್ರಿಗೆ ಹಕ್ಕಿತ್ತು: ಹಿಡಿದ ಮೀನಿನಲ್ಲಿ ಹತ್ತರಲ್ಲೊಂದು ಪಾಲು. ವಿಲಿಯಂ ಸ್ಪಿಯರ್ಸ್ ಎಂಬ ಮೀನುಗಾರನ ಮುಂದಾಳತ್ವದಲ್ಲಿ ಊರು ತಿರುಗಿಬಿತ್ತು. ಜಗಳ, ಕೋರ್ಟು, ಗಲಾಟೆ ಎಲ್ಲ ಆದಮೇಲೆ 1864ರಲ್ಲಿ ರಾಜಿಯಾಯಿತು. 2,000 ಪೌಂಡ್ ಕೊಟ್ಟು ಮೀನುಗಾರರು ಆ ಪಾಲನ್ನು ಶಾಶ್ವತವಾಗಿ ಕಳಚಿಕೊಂಡರು. ಗೆದ್ದರು ನಿಜ, ಆದರೆ ತಲೆಯ ಮೇಲೆ ಸಾಲ ಬಂತು. ಅದನ್ನು ತೀರಿಸುವುದರಲ್ಲೇ ವರ್ಷಗಳು ಕಳೆದು, ಬಂದರು ಸರಿಪಡಿಸುವ ಕೆಲಸ ಹಿಂದೆ ಬಿತ್ತು. ಬಂದರಿನ ಬಾಯಿ ಇಕ್ಕಟ್ಟು, ಎದುರಿಗೇ ಬಂಡೆಗಳ ಸಾಲು. ನೀರಿಳಿದಾಗ ದೋಣಿ ಒಳಗೆ ಬರುವಂತಿರಲಿಲ್ಲ.

1881ರ ಅಕ್ಟೋಬರ್ 14, ಶುಕ್ರವಾರ. ಕೆಟ್ಟ ಹವೆಯಿಂದ ದಿನಗಟ್ಟಲೆ ದೋಣಿಗಳು ದಡದಲ್ಲೇ ಇದ್ದವು, ಸಂಪಾದನೆ ನಿಂತಿತ್ತು. ಅಂದು ಬೆಳಿಗ್ಗೆ ಕಡಲು ಶಾಂತ. ಗಾಳಿಯ ಒತ್ತಡ ಅಳೆಯುವ ಮಾಪಕ ಮಾತ್ರ ತೀರಾ ಕೆಳಗಿಳಿದಿತ್ತು, ಅಂದರೆ ಬಿರುಗಾಳಿಯ ಸೂಚನೆ. ಆದರೂ ದೋಣಿಗಳು ಹೊರಟವು. ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಗಿ ಬಿರುಗಾಳಿ ಎರಗಿತು. ಕೆಲವು ದೋಣಿಗಳು ನಡುಗಡಲಲ್ಲೇ ಮುಳುಗಿದವು. ಕೆಲವು ಊರಿನ ಬಾಗಿಲ ತನಕ ಬಂದು ಬಂಡೆಗಳಿಗೆ ಬಡಿದು ಒಡೆದವು. ದಡದಲ್ಲಿ ನಿಂತ ಹೆಂಡತಿ ಮಕ್ಕಳಿಗೆ ನೋಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಅಕ್ಕಪಕ್ಕದ ಊರುಗಳೂ ಸೇರಿ ಅಂದು ಸತ್ತವರು 189 ಜನ.

ಒಳ್ಳೆಯ ಬಂದರಿದ್ದರೂ ನಡುಗಡಲಲ್ಲಿ ಮುಳುಗಿದವರು ಉಳಿಯುತ್ತಿರಲಿಲ್ಲ. ಆದರೆ ಊರಿನ ಬಾಗಿಲಲ್ಲಿ ಸತ್ತವರ ಮಾತೇ ಬೇರೆ. ಅವರು ಮನೆ ಕಾಣುವಷ್ಟು ಹತ್ತಿರ ಬಂದಿದ್ದರು.

ನೂರು ವರ್ಷ ತುಂಬಿದಾಗ, 1981ರಲ್ಲಿ, ಊರಿನ ಹೆಂಗಸರು ಆ ದಿನದ ನೆನಪನ್ನು ದೊಡ್ಡ ಬಟ್ಟೆಯ ಮೇಲೆ ಕಸೂತಿಯಲ್ಲಿ ಹೊಲಿದರು. ಹಿಂದೆ ಗಾಳಗಳಿಗೆ ಎರೆ ಸಿಕ್ಕಿಸುತ್ತಿದ್ದ ಹೆಂಗಸರ ಊರಿನಲ್ಲಿ, ಈ ಲೆಕ್ಕ ಬರೆದಿಟ್ಟದ್ದೂ ಹೆಂಗಸರ ಕೈಗಳೇ.