ಗಣಿತಾಧ್ಯಯನದ ಸೋಪಾನಗಳು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನವಿರುವುದು ವಾಚಕರಿಗೆ ವಿದಿತವೇ ಆಗಿದೆ. ಇದನ್ನೂ, ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬಿ. ಎಲ್. ರೈಸ್ ಮಹಾಶಯರು 1892ರಲ್ಲಿ ವಿದ್ವಲ್ಲೋಕಕ್ಕೆ ತಿಳಿಯಪಡಿಸಿದರು. ಧರ್ಮೋಪದೇಶಕ್ಕಾಗಿಯೂ, ಇಸಿಲವೆಂಬ ಪುರಾತನ ಪಟ್ಟಣದ ಹೆಸರಿಗಾಗಿಯೂ ಈ ಬರೆಹವನ್ನು ಉದಾಹರಿಸುವವರು ಅನೇಕರು. ಅದರಲ್ಲಿ ಅಡಗಿರುವ ಅಂಕೆಗಳನ್ನು ಗಮನಿಸುವವರು ವಿರಳ. ಅಲ್ಲಿ 256 ಎಂಬ ಸಂಖ್ಯೆಯು ಮಾತಿನಲ್ಲಲ್ಲ, ಅಂಕೆಗಳಲ್ಲಿಯೇ ಕೊರೆಯಲ್ಪಟ್ಟಿದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ವಿದ್ವಾಂಸರಲ್ಲಿ ಅನೇಕರ ಮತ. ಇನ್ನೂರಕ್ಕೆ ಒಂದು ಚಿಹ್ನೆ, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಸ್ಥಾನದಿಂದ ಬೆಲೆ ಬದಲಾಗುವ ಕ್ರಮವಿಲ್ಲ, ಸೊನ್ನೆಯೂ ಇಲ್ಲ. ಇಂದು ಸಿದ್ದಾಪುರದ ಶಾಲೆಯಲ್ಲಿ ಏಳೆಂಟು ವರ್ಷದ ಮಗುವು ಬಿಡಿ, ಹತ್ತು, ನೂರು ಎಂದು ಸಲೀಸಾಗಿ ಬರೆಯುವ ವಿದ್ಯೆಯು ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಲಿಪಿಕಾರನ ಕೈಯಲ್ಲಿ ಇರಲಿಲ್ಲ. ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು, ಇದೇ ಪುರಾತನವಾದ ರೀತಿ, ಎಂದು ವಿಧಿಸಿರುವುದೂ ಅದೇ ಬಂಡೆಯೇ.

ಕಲಿಯುವ ಕ್ರಮವು ಕಂಡುಹಿಡಿದ ಕ್ರಮವಲ್ಲವೆಂಬುದು ಈ ಒಂದು ನಿದರ್ಶನದಿಂದಲೇ ತೋರುವುದು. ಶತಮಾನಗಳ ಶ್ರಮದ ಫಲವು ಬಾಲಪಾಠವಾಗುತ್ತದೆ. ಕಾಲೇಜಿನ ಪದವಿ ತರಗತಿಗಳ ಗಣಿತದಲ್ಲಿ ಈ ವೈಪರೀತ್ಯವು ಎಷ್ಟು ಬೆಳೆದಿದೆಯೆಂಬುದನ್ನು ಅರಿಯದವರು, ಮಕ್ಕಳು ಅಲ್ಲಿ ಏಕೆ ಮುಗ್ಗರಿಸುವರೆಂಬುದನ್ನೂ ಅರಿಯಲಾರರು.

ಕನ್ನಡನಾಡಿನಲ್ಲಿ ಗಣಿತವನ್ನು ಕ್ರಮವಾದ ಪಾಠವಾಗಿ ರಚಿಸಿದವರಲ್ಲಿ ಮಹಾವೀರಾಚಾರ್ಯನೇ ಅಗ್ರಗಣ್ಯನು. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಅವನು ಬರೆದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಭಾಷಾಂತರದೊಡನೆ ಪ್ರಕಟಿಸಿದರು. ಅದರಲ್ಲಿ ಒಂದು ವಿಶೇಷವುಂಟು. ಇತರರು ಎಂಟು ಪರಿಕರ್ಮಗಳನ್ನು ಸಾಮಾನ್ಯ ಸಂಕಲನ ವ್ಯವಕಲನಗಳಿಂದ ಆರಂಭಿಸಿದರೆ, ಮಹಾವೀರನು ಗುಣಾಕಾರದಿಂದ ಆರಂಭಿಸಿ, ಸಂಕಲಿತವೆಂದರೆ ಶ್ರೇಢಿಗಳ ಮೊತ್ತವೆಂದೇ ಇಟ್ಟುಕೊಂಡಿದ್ದಾನೆ. ಬರಿಯ ಕೂಡುವುದನ್ನೂ ಕಳೆಯುವುದನ್ನೂ ಕಲಿತೇ ಬಂದಿರಬೇಕೆಂಬುದು ಅವನ ಎಣಿಕೆಯಾಗಿರಬೇಕು. ಈಗಿನ ವಿಶ್ವವಿದ್ಯಾಲಯಗಳು ಪಠ್ಯಕ್ರಮದ ತಲೆಯಲ್ಲಿ ‘ಪೂರ್ವಜ್ಞಾನ’ವೆಂದು ಬರೆಯುವುದನ್ನು ಅವನು ಬರೆಯದೆಯೇ ಸಾಧಿಸಿದನು. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಹೇಳಿ ಎಡವಿದವನೂ ಅವನೇ. ಮೇಲಿನ ಪಾಠವು ಕೆಳಗಿನ ಪಾಠವನ್ನು ತಿದ್ದುವುದೂ ಉಂಟು.

ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದವುಗಳನ್ನು ಕನ್ನಡದಲ್ಲಿಯೇ ರಚಿಸಿ, ಈ ವಿದ್ಯೆಯನ್ನು ದೇಶಭಾಷೆಗೆ ಇಳಿಸಿದ ಕೀರ್ತಿಗೆ ಪಾತ್ರನಾದನು. ಚಳ್ಳಕೆರೆಯ ಕಡಲೆಕಾಯಿ ಮಂಡಿಯ ಗುಮಾಸ್ತನಿಗೆ ಬೇಕಾದ ತ್ರೈರಾಶಿಕ, ಬಡ್ಡಿ, ಅಳತೆಗಳ ಜಾತಿಯ ಲೆಕ್ಕಗಳು ಅಂಥ ಗ್ರಂಥಗಳ ವಿಷಯ. ಅವನ ತರುವಾಯ ಆ ಹಾದಿಯಲ್ಲಿ ಮೇಲಕ್ಕೆ ಏರಿದವರು ಕನ್ನಡದಲ್ಲಿ ಕಡಿಮೆಯೆಂಬುದು ವ್ಯಸನದ ವಿಷಯ. ನೆರೆಯ ಕೇರಳದಲ್ಲಿ ಜ್ಯೇಷ್ಠದೇವನು ಹದಿನಾರನೆಯ ಶತಮಾನದಲ್ಲಿ ‘ಯುಕ್ತಿಭಾಷೆ’ಯನ್ನು ಮಲೆಯಾಳದಲ್ಲಿ ಬರೆದು, ಸೂತ್ರಗಳನ್ನು ಮಾತ್ರವಲ್ಲದೆ ಅವುಗಳ ಉಪಪತ್ತಿಗಳನ್ನೂ ದೇಶಭಾಷೆಯಲ್ಲಿಯೇ ವಿವರಿಸಿದನು.

ಅಧ್ಯಯನದ ಮೆಟ್ಟಿಲುಗಳನ್ನು ಎಲ್ಲರಿಗಿಂತ ಅಂದವಾಗಿ ಕಟ್ಟಿದವನು ಭಾಸ್ಕರಾಚಾರ್ಯನು. ಕ್ರಿ. ಶ. 1150ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಅವನು ಮುಗಿಸಿದ ‘ಸಿದ್ಧಾಂತಶಿರೋಮಣಿ’ಗೆ ನಾಲ್ಕು ಭಾಗಗಳು: ಲೀಲಾವತೀ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಪಾಠಶಾಲೆಗಳಲ್ಲಿ ಜ್ಯೌತಿಷವನ್ನು ಓದುವವರು ಲೀಲಾವತಿಯಿಂದ ಆರಂಭಿಸುವುದು ಬಹುಕಾಲದ ರೂಢಿ. ಆಚಾರ್ಯನ ಜಾಣ್ಮೆ ಕಾಣುವುದು ಕುಟ್ಟಕದಲ್ಲಿ. ನೂರನ್ನು ಯಾವ ಸಂಖ್ಯೆಯಿಂದ ಗುಣಿಸಿ ತೊಂಬತ್ತನ್ನು ಕೂಡಿಸಿದರೆ ಅರುವತ್ತಮೂರರಿಂದ ನಿಶ್ಶೇಷವಾಗಿ ಭಾಗವಾಗುವುದು? ನೂರನ್ನು ಅರುವತ್ತಮೂರರಿಂದ ಭಾಗಿಸಿ, ಶೇಷವಾದ ಮೂವತ್ತೇಳರಿಂದ ಅರುವತ್ತಮೂರನ್ನು ಭಾಗಿಸಿ, ಹೀಗೆ ಪರಸ್ಪರ ಭಾಗಾಹಾರವನ್ನು ಮಾಡುತ್ತ ಒಂದು ಉಳಿಯುವವರೆಗೆ ಹೋಗಿ, ಲಬ್ಧಗಳನ್ನು ಬಳ್ಳಿಯಂತೆ ಕೆಳಗೆ ಕೆಳಗೆ ಬರೆದು ಹಿಮ್ಮುಖವಾಗಿ ಏರಿದರೆ, ಗುಣಕವು 18 ಎಂದು ದೊರೆಯುತ್ತದೆ. ತಾಳೆ ನೋಡಬಹುದು: 1800ಕ್ಕೆ 90 ಸೇರಿದರೆ 1890, ಅದು 63ರ ಮೂವತ್ತರಷ್ಟು. ಲೀಲಾವತಿಯಲ್ಲಿ ಬಿಡಿ ಲೆಕ್ಕವಾಗಿ ಬಂದ ಈ ಕುಟ್ಟಕವೇ ಬೀಜಗಣಿತದಲ್ಲಿ ಅವ್ಯಕ್ತರಾಶಿಗಳ ಸಮೀಕರಣಕ್ಕೆ ಸಾಧನವಾಗಿ ಮರಳಿ ಬರುತ್ತದೆ. ಮುಂದೆ ಗ್ರಹಗಳ ಭಗಣಗಳಿಂದ ದಿನಗಳನ್ನು ಎಣಿಸುವಲ್ಲಿ ಮತ್ತೆ ಕೈಗೆ ಬರುತ್ತದೆ. ಒಮ್ಮೆ ಕಲಿತದ್ದನ್ನು ಶಿಷ್ಯನು ಮರೆಯುವಂತೆಯೇ ಇಲ್ಲ.

ಈ ಪಾಠಕ್ರಮವನ್ನು ಉಳಿಸಬೇಕೆಂಬ ಹಂಬಲವು ಆ ವಂಶದಲ್ಲಿಯೇ ಇದ್ದಿತು. ಭಾಸ್ಕರನ ಮೊಮ್ಮಗನಾದ ಚಾಂಗದೇವನು, ಯಾದವ ಸಿಂಘಣನ ಆಳಿಕೆಯಲ್ಲಿ, ಅಜ್ಜನ ಗ್ರಂಥಗಳ ವ್ಯಾಸಂಗಕ್ಕಾಗಿ ಮಠವೊಂದನ್ನು ಸ್ಥಾಪಿಸಿದನೆಂದೂ, ಅದಕ್ಕೆ 1207ರಲ್ಲಿ ದತ್ತಿ ದೊರೆಯಿತೆಂದೂ ಖಾನದೇಶದ ಪಾಟಣದ ಶಾಸನದಿಂದ ತಿಳಿದುಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲೇಜುಗಳು ಬಂದಾಗ ಈ ಮೆಟ್ಟಿಲುಗಳು ಪಕ್ಕಕ್ಕೆ ಸರಿದು, ಇಂಗ್ಲೆಂಡಿನ ಮೆಟ್ಟಿಲುಗಳು ಬಂದುವು. 1858ರಲ್ಲಿ ಬೆಂಗಳೂರಿನಲ್ಲಿ ಹೈಸ್ಕೂಲಾಗಿ ಹುಟ್ಟಿ ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದ ಸಂಸ್ಥೆಯು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಅದರ ಅಂಗವಾಯಿತು. ಚಿತ್ರದುರ್ಗ ಸೀಮೆಯ ಹುಡುಗನು ಉನ್ನತ ಗಣಿತವನ್ನು ಓದಬೇಕಾದರೆ ದೂರದ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಾಗಿದ್ದ ಕಾಲವದು. 2009ರಿಂದೀಚೆಗೆ ಈ ಜಿಲ್ಲೆಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಪದವಿಯ ಅವಧಿಯೂ ಚಂಚಲವೇ: ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಕ್ರಮವನ್ನು ತಂದು, 2024ರಲ್ಲಿ ಮರಳಿ ಮೂರು ವರ್ಷಕ್ಕೆ ಇಳಿಸಿದರು. ಮೆಟ್ಟಿಲುಗಳನ್ನು ಇಷ್ಟು ಬೇಗ ಬೇಗನೆ ಕಿತ್ತು ಕಟ್ಟುವುದು ಏರುವವರಿಗೆ ಹಿತವಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪದವಿ ತರಗತಿಯ ಗಣಿತದಲ್ಲಿ ಎರಡು ದೊಡ್ಡ ದಾರಿಗಳಿವೆ. ಒಂದು ಕಲನಶಾಸ್ತ್ರದಿಂದ ವಾಸ್ತವ ವಿಶ್ಲೇಷಣೆಗೆ, ಅಲ್ಲಿಂದ ಮಿಶ್ರಸಂಖ್ಯೆಗಳ ವಿಶ್ಲೇಷಣೆಗೆ ಹೋಗುವುದು. ಇನ್ನೊಂದು ಸಮೀಕರಣ, ಮಾತೃಕೆಗಳಿಂದ ಸದಿಶಾವಕಾಶಗಳಿಗೂ, ಗುಂಪು, ವಲಯ, ಕ್ಷೇತ್ರಗಳೆಂಬ ಬೀಜೀಯ ರಚನೆಗಳಿಗೂ ಹೋಗುವುದು. ಮೊದಲನೆಯದರ ಚರಿತ್ರೆಯನ್ನು ನೋಡಿರಿ. ನ್ಯೂಟನ್ ಮತ್ತು ಲೈಬ್ನಿಟ್ಸ್ ಹದಿನೇಳನೆಯ ಶತಮಾನದಲ್ಲಿಯೇ ಕಲನವನ್ನು ಕಟ್ಟಿದರು. ಆದರೆ ಪರಿಮಿತಿಯನ್ನು ಆಧಾರವಾಗಿಟ್ಟುಕೊಂಡು ಕೋಶಿಯು ತನ್ನ ಪಾಠಗಳನ್ನು ಅಚ್ಚು ಹಾಕಿಸಿದ್ದು 1821ರಲ್ಲಿ. ವಾಸ್ತವ ಸಂಖ್ಯೆಯೆಂದರೆ ಏನೆಂಬುದನ್ನು ಡೆಡೆಕಿಂಡ್ ಪ್ರಕಟಿಸಿದ್ದು 1872ರಲ್ಲಿ. ಮೇಲಿನ ಅಂತಸ್ತು ಎದ್ದು ಎರಡು ಶತಮಾನಗಳಾದ ಮೇಲೆ ಅಸ್ತಿಭಾರವನ್ನು ಹಾಕಿದಂತಾಯಿತು. ಇಂದಿನ ವಿಶ್ಲೇಷಣೆಯ ಪಾಠವು ಮೊದಲು ಎತ್ತಿಕೊಳ್ಳುವುದು 1872ರ ವಿಷಯವನ್ನೇ. ಶಾಲೆಯಲ್ಲಿ ಸಂಖ್ಯೆಗಳನ್ನು ಎಣಿಸಿ ಬಂದ ಹುಡುಗನಿಗೆ, ಸಂಖ್ಯೆಯು ನಿನಗೆ ಗೊತ್ತಿಲ್ಲವೆಂದು ಹೇಳಿದರೆ ಅವನು ಬೆದರುವುದು ಸಹಜ. ಯಾವ ಸಂದೇಹವು ಡೆಡೆಕಿಂಡನನ್ನು ಕಾಡಿತೆಂದು ಉಪಾಧ್ಯಾಯರು ತಿಳಿಸದಿದ್ದರೆ, ಉತ್ತರವನ್ನು ಪ್ರಶ್ನೆಯಿಲ್ಲದೆ ಉರುಹಾಕುವ ಗತಿ ಅವನದಾಗುತ್ತದೆ.

ಎರಡನೆಯ ದಾರಿಯಲ್ಲಿ ನಮ್ಮವರಿಗೆ ಪರಿಚಿತವಾದ ಮುಖವೊಂದು ಎದುರಾಗುವುದು. ಸಂಖ್ಯಾಶಾಸ್ತ್ರದ ಪ್ರಥಮ ಪಾಠದಲ್ಲಿ ಯೂಕ್ಲಿಡನ ಹೆಸರಿನಿಂದ ಕಲಿಸುವ ಪರಸ್ಪರ ಭಾಗಾಹಾರವೂ ಕುಟ್ಟಕದ ಪ್ರಕ್ರಿಯೆಯೂ ಒಂದೇ. ಮುಂದಿನ ಪಾಠದಲ್ಲಿ ಸಂಖ್ಯೆಗಳಿಗೆ ಬದಲಾಗಿ ಬಹುಪದಗಳನ್ನಿಟ್ಟು ಅದೇ ಭಾಗಾಹಾರವನ್ನು ಮಾಡುತ್ತಾರೆ. ಅದಕ್ಕೂ ಮುಂದೆ, ಇಂಥ ಭಾಗಾಹಾರವು ಸಾಧ್ಯವಾಗುವ ವಲಯಗಳೆಲ್ಲವನ್ನೂ ಒಟ್ಟಿಗೆ ಹಿಡಿದು ಒಂದೇ ಪ್ರಮೇಯವನ್ನು ಸಾಧಿಸುತ್ತಾರೆ. ಭಾಸ್ಕರನು ಚಕ್ರವಾಲದಿಂದ ಬಿಡಿಸಿದ ಒಂದು ಲೆಕ್ಕವೂ ಇಲ್ಲಿಗೆ ಸಂದುತ್ತದೆ. ಯಾವ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ವರ್ಗವೇ ದೊರೆಯುವುದೆಂಬ ಪ್ರಶ್ನೆಗೆ ಕನಿಷ್ಠಮೂಲವು 226153980, ಜ್ಯೇಷ್ಠಮೂಲವು 1766319049. ಇಂಥ ಪ್ರಶ್ನೆಗಳಿಗೆ ಯಾವಾಗಲೂ ಉತ್ತರವುಂಟೆಂದು ಸಾಧಿಸಿದವನು ಹದಿನೆಂಟನೆಯ ಶತಮಾನದ ಲಾಗ್ರಾಂಜನು. ಉತ್ತರವನ್ನು ಪಡೆಯುವುದು ಬೇರೆ, ಉತ್ತರವು ಉಂಟೆಂದು ಸಾಧಿಸುವುದು ಬೇರೆ. ಕಾಲೇಜಿನ ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ನಡುವಣ ಕಂದಕವೆಂದರೆ ಇದೇ. ಮೊಳಕಾಲ್ಮೂರಿನ ರೇಷ್ಮೆ ನೇಕಾರನು ಹಾಸನ್ನು ಬಿಗಿದ ಮೇಲಲ್ಲದೆ ಹೊಕ್ಕಿಗೆ ಕೈ ಹಾಕನು. ಗಣಿತದಲ್ಲಿ ಉಪಪತ್ತಿಯೇ ಹಾಸು. ಅದನ್ನು ಹೈಸ್ಕೂಲಿನ ರೇಖಾಗಣಿತದಲ್ಲಿಯೇ ಬಿಗಿಯದೆ ಬಿಟ್ಟು, ಪದವಿಯ ಎರಡನೆಯ ವರ್ಷದಲ್ಲಿ ಬಣ್ಣದ ಸೆರಗನ್ನು ನಿರೀಕ್ಷಿಸುತ್ತಾರೆ. ಕನ್ನಡದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವನಿಗೆ ಇದರೊಡನೆ ಭಾಷೆಯೂ ಬದಲಾಗುವುದರಿಂದ, ತೊಡಕು ಗಣಿತದ್ದೋ ಇಂಗ್ಲಿಷಿನದ್ದೋ ಎಂಬುದು ಅವನಿಗೇ ತಿಳಿಯದು.

1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು ಒಂದು ಶತಮಾನದ ಮೇಲೆ, 2011ರಲ್ಲಿ, ನಾಲ್ಕು ವರ್ಷದ ಪದವಿ ಶಿಕ್ಷಣವನ್ನು ತೊಡಗಿದಾಗ, ಮುಂದೆ ಜೀವಶಾಸ್ತ್ರವನ್ನು ಹಿಡಿಯುವವರೂ ಮೊದಲ ಮೂರು ಅರ್ಧವರ್ಷಗಳಲ್ಲಿ ಗಣಿತವನ್ನು ಓದಲೇಬೇಕೆಂದು ನಿಯಮಿಸಿತು. ಮೊದಲೆರಡರಲ್ಲಿ ವಿಶ್ಲೇಷಣೆಯನ್ನೂ ರೇಖೀಯ ಬೀಜಗಣಿತವನ್ನೂ ಜೋಡಿಯಾಗಿ ಕಲಿಸಿ, ಮೂರನೆಯದರಲ್ಲಿ ಸಂಭಾವ್ಯತೆಯನ್ನು ಇರಿಸಿತು. ಎರಡು ದಾರಿಗಳನ್ನೂ ಆರಂಭದಲ್ಲಿಯೇ ಒಟ್ಟಿಗೆ ನಡೆಸುವ ಈ ಏರ್ಪಾಡು ಶ್ಲಾಘ್ಯವೇ ಸರಿ. ಆದರೆ ಆ ತರಗತಿಗಳು ನಡೆಯುವುದು ಬೆಂಗಳೂರಿನಲ್ಲಿ. ಅದೇ ಸಂಸ್ಥೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1500 ಎಕರೆ ನೆಲವು ದೊರೆತಿದೆ. ಅದು ಹಿಂದೆ ಅಮೃತಮಹಲ್ ದನಗಳ ಕಾವಲಾಗಿದ್ದ ಹುಲ್ಲುಗಾವಲಿನ ಭಾಗವಾದುದರಿಂದ, ದನ ಕುರಿ ಮೇಯಿಸುವ ಸುತ್ತಣ ಹಳ್ಳಿಗಳವರ ಅಳಲು ಸುಲಭವಾಗಿ ಆರುವಂಥದಲ್ಲ. ಅಲ್ಲಿಯ ಪ್ರತಿಭಾವಿಕಾಸ ಕೇಂದ್ರದಲ್ಲಿ ತರಬೇತಿ ಪಡೆಯುವವರಲ್ಲಿ ಹೈಸ್ಕೂಲು ಮತ್ತು ಪದವಿಪೂರ್ವ ತರಗತಿಗಳ ಉಪಾಧ್ಯಾಯರು ಮುಖ್ಯರು. ಭೌತ, ರಸಾಯನ, ಜೀವಶಾಸ್ತ್ರಗಳೊಡನೆ ಗಣಿತವನ್ನೂ ಹೊಸದಾಗಿ ಓದಿಕೊಂಡು ಅವರು ತಂತಮ್ಮ ಶಾಲೆಗಳಿಗೆ, ಹತ್ತನೆಯ ತರಗತಿಯ ರೇಖಾಗಣಿತದ ಪ್ರಮೇಯಗಳಿಗೆ, ಹಿಂದಿರುಗುತ್ತಾರೆ.